ಎಡಗಾಲಿಗೆ ಹೊಲಿಗೆ ಗೊತ್ತಿರಲಿಲ್ಲ

ಗಂಧಕದ ಹೊಗೆ ಮೂಗಿಗೆ ಬಡಿದದ್ದು ತಿಕೋಟಾ ದಾಟಿ ಬಬಲೇಶ್ವರದ ರಸ್ತೆಗೆ ಹೊರಳಿದ ಮೇಲೆ. ಒಣದ್ರಾಕ್ಷಿಗೆ ಹೊನ್ನಿನ ಬಣ್ಣ ಬರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕ ಸುಡುತ್ತಾರೆ. ಬಾಗಿಲ ಸಂದಿಯಿಂದ ಸೋರುವ ಆ ಹೊಗೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಎಲ್ಲಿಗೂ ಹೋಗದೆ ರಸ್ತೆಯ ಮೇಲೆಯೇ ಕುಳಿತಿರುತ್ತದೆ. ಗಂಟಲು ಕೆರೆಯುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ದೂರದಿಂದ ನೋಡಿದವರು ಅಳುತ್ತಿದ್ದಾಳೆ ಎಂದುಕೊಳ್ಳಬಹುದು. ನಾನು ಅಳುತ್ತಿರಲಿಲ್ಲ. ಸ್ಕೂಟಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಚೀಲದಲ್ಲಿದ್ದ ಸರ್ಕಾರಿ ಹಿಂಬರಹವನ್ನು ಇನ್ನೊಮ್ಮೆ ಓದಿದೆ. ಸ್ಥಳ ಪರಿಶೀಲಿಸಲಾಗಿ ಯಂತ್ರಕ್ಕೆ ಸುರಕ್ಷತಾ ಕವಚ ಅಳವಡಿಸಿರುವುದು ಕಂಡುಬಂದಿರುತ್ತದೆ. ಆದ್ದರಿಂದ ತಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಅಕ್ಕನ ಹೆಸರಿಗೆ ಬಂದ ಹಿಂಬರಹ ಅದು. ಆ ಕವಚವನ್ನು ನನ್ನ ಕಣ್ಣಿನಿಂದಲೇ ನೋಡಬೇಕೆಂದು ನಾನು ಅಲ್ಲಿಗೆ ಹೋಗಿದ್ದೆ.

ಒಣದ್ರಾಕ್ಷಿ ಘಟಕದ ಗೇಟಿನ ಮುಂದೆ ನಿಂತಾಗ ಮೊದಲು ನೆನಪಾದದ್ದು ಹೊಲಿಗೆ ಯಂತ್ರದ ಪೆಡಲಿನ ಸದ್ದು. ಹಿಂದೊಂದು ದ್ರಾಕ್ಷಿ ಸೀಜನ್ನಿನಲ್ಲಿ ನಮ್ಮ ಮನೆಯಲ್ಲಿ ಮಾತಿಗಿಂತ ಹೆಚ್ಚು ಕೇಳಿಸಿದ ಸದ್ದು ಅದೇ.

ಎರಡು ವರ್ಷದ ಹಿಂದಿನ ಮಾತು. ನಾನು ಎಂ.ಎ. ಮುಗಿಸಿ, ವಿಜಯಪುರದ ಜಲನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅವ್ವ ಮತ್ತು ಅಕ್ಕ ತಿಕೋಟಾದ ಮನೆಯಲ್ಲಿದ್ದರು. ಅಪ್ಪ ತೀರಿಕೊಂಡ ಮೇಲೆ ಅವ್ವ ಜಂಪರ್ ಹೊಲಿದು ನಮ್ಮಿಬ್ಬರನ್ನೂ ಓದಿಸಿದವಳು. ಅಕ್ಕ ಕಮಲಾ ಈ ಒಣದ್ರಾಕ್ಷಿ ಘಟಕದಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ರೈತರ ಹೆಸರು, ಪೆಟ್ಟಿಗೆಯ ತೂಕ, ಮಾಲಿನ ದರ್ಜೆ, ಇವನ್ನು ಹೊಡೆಯುವುದು ಅವಳ ಕೆಲಸ. ಅವಳಿಗೆ ಒಂದು ಗಾಜಿನ ಕೋಣೆ, ಒಂದು ಫ್ಯಾನು, ಒಂದು ಕುರ್ಚಿ ಇದ್ದವು. ಯಂತ್ರದ ಹತ್ತಿರ ಹೋಗುವುದು ಅವಳ ಕೆಲಸವೇ ಆಗಿರಲಿಲ್ಲ. ಮುಂದೆ ಘಟಕದವರು ಈ ಮಾತನ್ನೇ ತಮ್ಮ ಪರವಾಗಿ ತಿರುಗಿಸಿಕೊಂಡರು.

ಒಣಗಿದ ದ್ರಾಕ್ಷಿಯ ಕಡ್ಡಿ ಬಿಡಿಸಿ, ಗಾತ್ರ ನೋಡಿ ಬೇರೆ ಮಾಡುವ ಯಂತ್ರಕ್ಕೆ ಪಕ್ಕದಲ್ಲಿ ಒಂದು ಚೈನು ಓಡುತ್ತದೆ. ಚೈನಿನ ಮೇಲೆ ತಗಡಿನ ಕವಚ, ಅದಕ್ಕೆ ನಾಲ್ಕು ಬೋಲ್ಟು. ದ್ರಾಕ್ಷಿಯ ಅಂಟಿಗೆ ಕಡ್ಡಿಗಳು ಚೈನಿನಲ್ಲಿ ಸಿಕ್ಕಿಕೊಳ್ಳುತ್ತಲೇ ಇರುತ್ತವೆ. ಸಿಕ್ಕಿದಾಗಲೆಲ್ಲ ಬೋಲ್ಟು ಬಿಚ್ಚಿ, ಕಡ್ಡಿ ತೆಗೆದು, ಮತ್ತೆ ಬೋಲ್ಟು ಬಿಗಿಯುವ ವ್ಯವಧಾನ ಸೀಜನ್ನಿನಲ್ಲಿ ಯಾರಿಗೂ ಇರುವುದಿಲ್ಲ. ಆದ್ದರಿಂದ ಸೀಜನ್ ಶುರುವಾಗುವ ದಿನ ಯಂತ್ರಕ್ಕೆ ಕಾಯಿ ಒಡೆದು ಪೂಜೆ ಮಾಡುತ್ತಾರೆ; ಪೂಜೆ ಮುಗಿದ ಕೂಡಲೇ ಕವಚ ಬಿಚ್ಚಿ ಗೋಡೆಗೆ ಆನಿಸುತ್ತಾರೆ. ಕುಂಕುಮ ಹಚ್ಚಿಸಿಕೊಂಡ ಕವಚ ಸೀಜನ್ ಮುಗಿಯುವವರೆಗೆ ಗೋಡೆಗೆ ಆನಿಕೊಂಡೇ ಇರುತ್ತದೆ. ಇದು ಅಲ್ಲಿಯ ರೂಢಿ.

ಆ ದಿನ ಮ್ಯಾನೇಜರ್ ಸಂಗಪ್ಪ ಗಾಜಿನ ಕೋಣೆಯ ಕಡೆ ಮುಖ ಮಾಡಿ ಕರೆದ. "ಕಮಲವ್ವಾ, ಒಂದ್ ಸ್ವಲ್ಪ ಬಾ ಬೇ. ಒಳಗ ಕಡ್ಡಿ ಸಿಕ್ಕೊಂಡೈತಿ. ನಮ್ಮವು ದಪ್ಪ ಕೈ, ಹೋಗವಲ್ಲವು. ನಿನ್ನ ಕೈ ಸಣ್ಣದೈತಿ ನೋಡು."

ಯಂತ್ರ ನಿಂತಿತ್ತು. ಸ್ವಿಚ್ಚು ಗೋಡೆಯ ಆಚೆ ಬದಿಯಲ್ಲಿತ್ತು. ಆಚೆ ಬದಿಯಲ್ಲಿದ್ದವರಿಗೆ ಈಚೆ ಬದಿಯಲ್ಲಿ ಕೈ ಇರುವುದು ಕಾಣಿಸಲಿಲ್ಲ.

ಅಕ್ಕನನ್ನು ಆಸ್ಪತ್ರೆಗೆ ಒಯ್ದವನೂ ಸಂಗಪ್ಪನೇ. ತನ್ನ ಹೆಗಲ ಟವೆಲ್ಲಿನಲ್ಲಿ ಅವಳ ಕೈ ಸುತ್ತಿ, ಘಟಕದ ಟೆಂಪೋದಲ್ಲಿ, ವಿಜಯಪುರ ಮುಟ್ಟುವವರೆಗೆ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ. ನಾನು ಆಸ್ಪತ್ರೆ ಮುಟ್ಟಿದಾಗ ಅವನ ಬಿಳಿ ಅಂಗಿಯ ಎದೆಯ ಭಾಗ ರಕ್ತ ಒಣಗಿ ಗಟ್ಟಿಯಾಗಿತ್ತು. "ಬಾಯಾರ, ಮಾತಾಡಕೋತನ ಬಂದಾಳ್ರಿ. ಏನೂ ಆಗಂಗಿಲ್ಲ," ಎಂದ. ಬಲಗೈಯ ನಡುವಿನ ಮೂರು ಬೆರಳು ಹೋಗಿದ್ದವು. ಹೆಬ್ಬೆರಳು, ಕಿರುಬೆರಳು ಉಳಿದವು. ಉಳಿದವಕ್ಕೆ ಸ್ಪರ್ಶ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಯಾರೂ ಅಳಲಿಲ್ಲ. ಅವ್ವ ಮದುವೆ ಸೀಜನ್ನಿನ ಜಂಪರ್‌ಗಳನ್ನು ಕತ್ತರಿಸುತ್ತ ಕುಳಿತಳು. ನಾನು ಕಾಲೇಜು ಮುಗಿಸಿ ದಿನವೂ ತಿಕೋಟಾಕ್ಕೆ ಬಂದು ಅರ್ಜಿ ಬರೆಯುತ್ತ ಕುಳಿತೆ. ಕಾರ್ಖಾನೆಗಳ ತಪಾಸಣೆ ಮಾಡುವ ಕಚೇರಿಗೆ, ಕಾರ್ಮಿಕರ ಕಚೇರಿಗೆ, ಪತ್ರಿಕೆಗಳಿಗೆ. ನನ್ನ ವಾಕ್ಯಗಳು ಉರಿಯುತ್ತಿದ್ದವು. ಅಕ್ಕ ಅವನ್ನು ಓದಿ, ಮಡಿಚಿ, ನನ್ನ ಕೈಗೇ ಕೊಡುತ್ತಿದ್ದಳು. ಸಹಿ ಮಾಡುತ್ತಿರಲಿಲ್ಲ. ಇಡೀ ದಿನ ಪಡಸಾಲೆಯ ಕಂಬಕ್ಕೆ ಆನಿಕೊಂಡು, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟು, ಬಿಸಿಲು ಫರಸಿಕಲ್ಲಿನಿಂದ ಕಲ್ಲಿಗೆ ಸರಿಯುವುದನ್ನು ನೋಡುತ್ತಿದ್ದಳು. ನಾವು ಮೂವರೂ ಅದೇ ಮನೆಯಲ್ಲಿ, ಒಬ್ಬರಿಗೊಬ್ಬರು ತಾಕದ ಹಾಗೆ ಓಡಾಡಿಕೊಂಡಿದ್ದೆವು.

ಗಾಯ ಮಾಯುವ ಹೊತ್ತಿಗೆ ಸಂಗಪ್ಪ ಮನೆಗೆ ಬಂದ. ಕೈಯಲ್ಲಿ ಒಂದು ಪೆಟ್ಟಿಗೆ ಒಣದ್ರಾಕ್ಷಿ, ಅಂಗಿಯ ಜೇಬಿನಲ್ಲಿ ಟೈಪು ಮಾಡಿದ ಒಂದು ಕಾಗದ.

"ಯಕ್ಕಾ, ಮಾಲಕರು ಭಾಳ ಮರಗಾಕತ್ತಾರ," ಎಂದು ಅವ್ವನಿಗೆ ಹೇಳಿದ. "ಕಮಲವ್ವನ ಕುರ್ಚಿ ಹಂಗ ಐತಿ. ಯಾರನ್ನೂ ಕುಂಡ್ರಿಸಿಲ್ಲ. ಒಂದ್ ಕೈಲೆ ಎಷ್ಟಾಗತೈತಿ ಅಷ್ಟ ಮಾಡ್ಲಿ. ಪಗಾರ ಮೊದ್ಲಿನಷ್ಟ. ಇದಕ್ಕೊಂದು ಸಹಿ ಆದ್ರ ಮುಗೀತು."

ನಾನು ಕಾಗದ ಓದಿದೆ. ಸದರಿ ನೌಕರಳು ತನ್ನ ಕೆಲಸದ ಸ್ಥಳ ಬಿಟ್ಟು, ಯಾರೂ ಹೇಳದಿದ್ದರೂ, ತನ್ನ ಸ್ವಂತ ಅಜಾಗರೂಕತೆಯಿಂದ ಯಂತ್ರದಲ್ಲಿ ಕೈ ಹಾಕಿರುತ್ತಾಳೆ ಎಂದಿತ್ತು.

"ಯಾರೂ ಹೇಳಿದ್ದಿಲ್ಲೇನ್ರಿ?" ಎಂದೆ.

ಸಂಗಪ್ಪ ನನ್ನ ಮುಖ ನೋಡಲಿಲ್ಲ. "ವಕೀಲರು ಬರದಾರ್ರಿ. ನನಗೇನ ಗೊತ್ತು."

"ಕರದವ್ರು ನೀವ. ನಿಮಗಲ್ಲದ ಯಾರಿಗೆ ಗೊತ್ತಿರಬೇಕು?"

"ಶೈಲಾ, ಸುಮ್ಕಿರು," ಎಂದಳು ಅವ್ವ. ಅಕ್ಕ ಮಾತ್ರ ಕೇಳಿದ್ದು ಒಂದೇ ಪ್ರಶ್ನೆ. "ಎಲ್ಲಿತನಕ ಕುರ್ಚಿ ಹಿಡದಿಡತೀರಿ, ಅಣ್ಣಾರ?"

"ಸೀಜನ್ ಮುಗಿಯೂತನಕ."

ಅವನು ಹೋದ ಮೇಲೆ ಕಾಗದ ದೇವರ ಗೂಡಿನಲ್ಲಿ ಕುಳಿತಿತು. ಅಕ್ಕನಿಗೆ ಮೂವತ್ತು ದಾಟಿತ್ತು. ಗೊತ್ತಿದ್ದ ಕೆಲಸ ಟೈಪಿಂಗ್ ಒಂದೇ. ಸಹಿ ಮಾಡಿದರೆ ಕುರ್ಚಿ ಉಂಟು, ಆದರೆ ತನ್ನ ಕೈ ತಾನೇ ಕಳೆದುಕೊಂಡೆನೆಂದು ಅವಳೇ ಬರೆದುಕೊಟ್ಟಂತೆ. ಮಾಡದಿದ್ದರೆ ಒಂದೂವರೆ ಕೈಯ ಆಪರೇಟರನ್ನು ಕರೆದು ಕೂರಿಸುವವರು ಯಾರು? ವಿಜಯಪುರದಲ್ಲಿ ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟಿದ್ದ ಸುನಂದಾ ಎಂಬಾಕೆಗೆ ಅಕ್ಕನ ಪರಿಚಯವಿತ್ತು. ನಾನು ಹೋಗಿ ವಿಚಾರಿಸಿದೆ. ಆಕೆ ಕನ್ನಡಕದ ಮೇಲಿಂದ ನೋಡಿ ನೇರವಾಗಿ ಹೇಳಿದಳು: "ಕನಿಕರದ ಮ್ಯಾಲೆ ಕುಂಡ್ರಸಂಗಿಲ್ಲ ತಂಗಿ. ಯುಗಾದಿ ಆದ ಮ್ಯಾಲೆ ನನ್ನ ಅಂಗಡಿ ಹುಡುಗಿ ಮದುವಿ ಆಗಿ ಹೊಂಟಾಳ, ಜಾಗಾ ಖಾಲಿ ಆಕ್ಕೈತಿ. ನಿಮ್ಮಕ್ಕ ಬಂದು ಒಂದು ಪುಟ ಚೊಕ್ಕ ಹೊಡದು ತೋರಸ್ಲಿ, ಕುರ್ಚಿ ಆಕಿದು."

ಅಕ್ಕನಿಗೆ ಹೇಳಿದಾಗ ಅವಳು ಕಂಬ ಬಿಟ್ಟು ಎದ್ದಳು. "ಮನ್ಯಾಗ ಒಂದ್ ಕಂಪ್ಯೂಟರ್ ಬೇಕು," ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಾನಾಗಿ ಕೇಳಿದ ಮೊದಲ ವಸ್ತು.

ಸೊಲ್ಲಾಪುರ ರಸ್ತೆಯಲ್ಲಿ ನನ್ನ ಸ್ಕೂಟಿ ರಿಪೇರಿ ಮಾಡುತ್ತಿದ್ದ ದಸ್ತಗೀರನ ಗ್ಯಾರೇಜಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಬಿದ್ದಿತ್ತು. ಅವನ ಅಳಿಯ ಡಿ.ಟಿ.ಪಿ. ಅಂಗಡಿ ಮುಚ್ಚಿದಾಗ ಬಿಟ್ಟುಹೋದದ್ದು. ಹೊಟ್ಟೆ ಉಬ್ಬಿದ ಮಾನಿಟರ್, ದುಂಡು ಪಿನ್ನಿನ ಕೀಬೋರ್ಡ್, ಟೈರಿನ ಧೂಳು. "ಚಾಲೂ ಐತ್ರಿ ಬಾಯಾರ, ಆದ್ರ ಅದಕ್ಕ ಮೂಡ್ ಬರಬೇಕು," ಎಂದ ದಸ್ತಗೀರ. "ಬರಲಿಲ್ಲಂದ್ರ ಬಾಜೂಕ ಒಂದ್ ಏಟು ಹಾಕ್ರಿ. ನಮ್ಮ ಅಳ್ಯಾಗೂ ಹಂಗ ಮಾಡ್ತಿದ್ದೆ."

ಕಂಪ್ಯೂಟರ್ ಮನೆಗೆ ಬಂದಿತು. ಕನ್ನಡ ಟೈಪಿಂಗ್ ಮಾಡಿದವರಿಗೆ ಗೊತ್ತು: ದೀರ್ಘ ಬೇಕೆಂದರೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಅನುಸ್ವಾರಕ್ಕೂ ಶಿಫ್ಟ್. ಇಂಗ್ಲಿಷಿನಲ್ಲಿ ಹೆಸರಿನ ಮೊದಲಕ್ಷರಕ್ಕೆ ಸಾಕಾಗುವ ಆ ಕೀಲಿಯನ್ನು ಕನ್ನಡದಲ್ಲಿ ಮಾತುಮಾತಿಗೆ ಒತ್ತಬೇಕು. ಅಕ್ಕನ ಎಡಗೈ ಅಕ್ಷರಗಳಿಗೇ ಸಾಲದು. ಶಿಫ್ಟನ್ನೂ ಹಿಡಿದು ಆ ತುದಿಯ ಕೀಲಿಗೆ ಚಾಚುವುದು ಆಗದ ಮಾತು. ಬಲಗೈಯ ಕಿರುಬೆರಳನ್ನು ಶಿಫ್ಟಿನ ಮೇಲಿಟ್ಟು ನೋಡಿದಳು. ಒತ್ತಿದ್ದು ಅವಳಿಗೆ ಗೊತ್ತಾಗುತ್ತಿರಲಿಲ್ಲ, ಬಿಟ್ಟದ್ದೂ ಗೊತ್ತಾಗುತ್ತಿರಲಿಲ್ಲ. ಪ್ರತಿ ಅಕ್ಷರಕ್ಕೂ ಬಗ್ಗಿ ಬೆರಳನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಶಿಫ್ಟನ್ನು ಒಮ್ಮೆ ಒತ್ತಿ ಬಿಟ್ಟರೆ ಮುಂದಿನ ಅಕ್ಷರದವರೆಗೆ ಹಿಡಿದಿಡುವ ಸೌಲಭ್ಯವನ್ನು ನಾನು ಹುಡುಕಿ ಕೊಟ್ಟೆ. ಕೆಲಸವೇನೋ ಆಯಿತು, ಆದರೆ ಒಂದು ಅಕ್ಷರಕ್ಕೆ ಎರಡು ಸಲ ಕೈ ಓಡಬೇಕಾಗಿ, ಒಂದು ಪುಟಕ್ಕೆ ಅರ್ಧ ದಿನ ಹಿಡಿಯಿತು.

"ಎಡಗೈ ಒಂದ ಐತಿ ಅನಬ್ಯಾಡ," ಎಂದಳು ಅಕ್ಕ ಒಂದು ಮಧ್ಯಾಹ್ನ, ಪರದೆಯ ಮೇಲಿಂದ ಕಣ್ಣು ತೆಗೆಯದೆ. "ಎರಡು ಕಾಲ ಅದಾವಲ್ಲ."

ಕಂಪ್ಯೂಟರನ್ನು ಕೀಬೋರ್ಡ್ ಸಮೇತ ದಸ್ತಗೀರನ ಬಳಿ ಒಯ್ದೆವು. ಕಾಲಿನಿಂದ ಒತ್ತುವ ಶಿಫ್ಟ್ ಬೇಕೆಂದಾಗ ಅವನಿಗೆ ಹುರುಪು ಬಂದಿತು. ಸ್ಪ್ಯಾನರ್ ಹಿಡಿದಷ್ಟೇ ಭರವಸೆಯಿಂದ ಕೀಬೋರ್ಡ್ ಬಿಚ್ಚಿ ತಲೆಕೆಳಗು ಮಾಡಿದ. ಒಳಗಿನ ರಬ್ಬರಿನ ಗುಂಡಿಗಳೆಲ್ಲ ಗ್ಯಾರೇಜಿನ ಆಯಿಲು ನೆಲದ ಮೇಲೆ ಉದುರಿದವು. ಮೂವರೂ ಮಂಡಿಯೂರಿ ಹೆಕ್ಕಿದೆವು. ಅಕ್ಕ ಎಡಗೈಯಿಂದ ಒಂದೊಂದೇ ಹೆಕ್ಕಿ ನನ್ನ ದುಪಟ್ಟಾದ ತುದಿಯಲ್ಲಿ ಹಾಕುತ್ತಿದ್ದಳು. ಒಳಗಿನ ಹಸಿರು ತಟ್ಟೆಯ ಅಂಚಿನಲ್ಲಿ ಸಾಲಾಗಿ ತಾಮ್ರದ ಪಟ್ಟಿಗಳಿದ್ದವು. ಯಾವ ಎರಡನ್ನು ಕೂಡಿಸಿದರೆ ಶಿಫ್ಟ್ ಆಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಒಂದು ವೈರಿನ ಎರಡು ತುದಿ ಹಿಡಿದು ನಾನು ಮುಟ್ಟಿಸುತ್ತ ಹೋದೆ. ಅಕ್ಕ ಪರದೆ ನೋಡುತ್ತ ಹೇಳುತ್ತ ಹೋದಳು. "ಇದು ಎಂಟರ್... ಇದು ಏನೂ ಇಲ್ಲ... ಇದು ಅಳಸಾಕತ್ತೈತಿ, ತಗಿ ತಗಿ!" ಕೊನೆಗೆ, ದಸ್ತಗೀರ ಇನ್ನೊಂದು ವೈರಿನಿಂದ 'ಕ' ಮುಟ್ಟಿಸುತ್ತಿದ್ದಾಗ, ಅದರ ಬದಲು 'ಖ' ಬಂದಿತು. ಆ ಜಾಗಕ್ಕೆ ದಸ್ತಗೀರ ಎರಡು ವೈರು ಬೆಸುಗೆ ಹಾಕಿದ. ಅವುಗಳ ಇನ್ನೊಂದು ತುದಿಗೆ, ಬ್ರೇಕು ತುಳಿದಾಗ ಹಿಂದಿನ ದೀಪ ಹತ್ತಿಸುವ ಸ್ವಿಚ್ಚು. ಅದನ್ನು ಹಳೆಯ ಸ್ಕೂಟರಿನ ಬ್ರೇಕ್ ಪೆಡಲಿಗೆ ಜೋಡಿಸಿ, ಕಬ್ಬಿಣದ ತಟ್ಟೆಗೆ ಬಿಗಿದ.

"ತುಳೀರಿ ಅಕ್ಕಾರ. ಲಾರಿ ನಿಂದ್ರಬೇಕು," ಎಂದ.

ಲಾರಿ ನಿಲ್ಲಿಸುವಷ್ಟೇ ಬಲ ಬೇಕಿತ್ತು. ಒಂದು ಪುಟಕ್ಕೆ ಅಕ್ಕನ ಮೀನಖಂಡ ಹಿಡಿದುಕೊಂಡಿತು. ಜೊತೆಗೆ ತುಳಿದಾಗಲೆಲ್ಲ ತಟ್ಟೆ ನಮ್ಮ ಮನೆಯ ನುಣುಪು ಫರಸಿಯ ಮೇಲೆ ಮುಂದೆ ಜಾರುತ್ತಿತ್ತು. ಅಕ್ಕ ಕುರ್ಚಿಯಿಂದ ಇಳಿದಿಳಿದು ಅದರ ಬೆನ್ನು ಹತ್ತುತ್ತಿದ್ದಳು.

ಅವ್ವ ಇದನ್ನೆಲ್ಲ ಹೊಲಿಗೆ ಯಂತ್ರದ ಹಿಂದಿನಿಂದ ನೋಡುತ್ತಿದ್ದಳು. ಒಂದು ದಿನ ಕತ್ತರಿ ಕೆಳಗಿಟ್ಟಳು.

"ಅಕ್ಷರಕ್ಕ ಕಾಲ ಹಚ್ಚತೀಯಲ್ಲ ಕಮ್ಲಾ. ಸಣ್ಣಾಕಿದ್ದಾಗ ಪುಸ್ತಕಕ್ಕ ಕಾಲ ಬಡದ್ರ ಮುಟ್ಟಿ ಕಣ್ಣಿಗೊತ್ಕೋತಿದ್ದಿ."

"ಹಂಗಾದ್ರ ಈಗೂ ಒತ್ಕೋತೀನಿ ತಗೋ ಬೇ," ಎಂದಳು ಅಕ್ಕ. "ಒಂದ್ ಶಬ್ದಕ್ಕ ಎರಡ್ ಸಲ ಬಗ್ಗಿ ಒತ್ಕೊಂಡ್ರ ಪುಟ ಮುಂದಿನ ಯುಗಾದಿಗೆ ಮುಗೀತೈತಿ."

"ಚೇಷ್ಟಿ ಮಾಡಬ್ಯಾಡ."

"ಚೇಷ್ಟಿ ಯಾಕ? ನೀ ಮುಂಜಾನಿಂದ ಸಂಜಿತನಕ ತುಳದು ನಮಗ ಅಕ್ಷರ ಕಲಿಸಿದಿ. ಅದು ಕಾಲಲ್ಲೇನು?"

ಅವ್ವ ಕತ್ತರಿ ಮತ್ತೆ ಎತ್ತಿಕೊಂಡಳು. ಮರುದಿನ ನಾನು ಜಲನಗರದಿಂದ ಬರುವಷ್ಟರಲ್ಲಿ ಕಿಟಕಿಯ ಕೆಳಗಿನ ಹಳೆಯ ಯಂತ್ರದ ಮೇಲಿದ್ದ ಬಟ್ಟೆಯ ಗಂಟುಗಳು ಇಳಿದಿದ್ದವು. ಅವ್ವನ ಮೊದಲ ಯಂತ್ರ ಅದು. ತಲೆ ಕೆಟ್ಟು ಎಷ್ಟೋ ವರ್ಷವಾಗಿತ್ತು, ಕಾಲಿನ ಸ್ಟ್ಯಾಂಡು ಗಟ್ಟಿಯಾಗಿತ್ತು. ಅಕ್ಕ ತಲೆಯ ಭಾಗ ತೆಗೆಸಿ, ಹಲಗೆಯ ಮೇಲೆ ಕೀಬೋರ್ಡ್ ಇಟ್ಟಿದ್ದಳು. ಕೆಳಗೆ ಜಾಳಿಗೆಯ ಕಬ್ಬಿಣದ ಪೆಡಲ್, ಎಷ್ಟು ಹಗುರವೆಂದರೆ ಹೆಬ್ಬೆರಳಿನ ಭಾರಕ್ಕೆ ಬಾಗುವಂಥದು. ದಸ್ತಗೀರನ ಸ್ವಿಚ್ಚನ್ನು ಅದರ ಮುಂತುದಿಯ ಕೆಳಗೆ ಕಟ್ಟಿದೆವು. ಹಿಂತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಬಿಗಿದೆವು. ಕಾಲು ಎತ್ತಿದರೆ ಪೆಡಲ್ ತಾನಾಗಿ ಮೇಲೆ ಬರಬೇಕು. ಜಾರುವ ಭಯವಿರಲಿಲ್ಲ. ಸ್ಟ್ಯಾಂಡು ಆ ನೆಲದ ಮೇಲೆ ನಲವತ್ತು ವರ್ಷದಿಂದ ನಿಂತೇ ಇತ್ತು.

ಅಕ್ಕ ಬಲಗಾಲಿಟ್ಟು ಹೊಡೆಯಲು ಶುರು ಮಾಡಿದಳು. ಪರದೆಯ ಮೇಲೆ ಮೂಡಿದ್ದನ್ನು ಯಾವ ಭಾಷೆಯವರೂ ಓದಲಾರರು. ಹ್ರಸ್ವವಿರಬೇಕಾದಲ್ಲಿ ದೀರ್ಘ, ದೀರ್ಘವಿರಬೇಕಾದಲ್ಲಿ ಏನೂ ಇಲ್ಲ. ಸ್ವಿಚ್ಚು ಕೆಟ್ಟಿದೆ ಎಂದು ನಾನು ಕೆಳಗೆ ಬಗ್ಗಿದೆ. ಸ್ವಿಚ್ಚು ಸರಿಯಿತ್ತು. ಅಕ್ಕನ ಕಾಲು ನಿಂತಿರಲಿಲ್ಲ. ಮುಂದೆ, ಹಿಂದೆ, ಮುಂದೆ, ಹಿಂದೆ. ತೋಳಿನ ಹೊಲಿಗೆ ಹಾಕುವಾಗಿನ ಅದೇ ಲಯದಲ್ಲಿ ತೂಗುತ್ತಿತ್ತು. ಹೊಲಿಗೆಯವಳ ಮನೆಯಲ್ಲಿ ಹುಟ್ಟಿದ ಕಾಲು ಅದು. ಹೈಸ್ಕೂಲಿನ ರಜೆಗಳೆಲ್ಲ ಅವ್ವನ ಪಕ್ಕದಲ್ಲಿ ಲಂಗದ ಅಂಚು ಹೊಲಿದೇ ಕಳೆದದ್ದು. ಮೇಲೆ ಕೈ ಆಡಿದರೆ ಕೆಳಗೆ ತುಳಿಯಬೇಕೆಂದು ಕಲಿತುಬಿಟ್ಟಿತ್ತು. ಅಕ್ಕ ಹಲ್ಲು ಕಚ್ಚಿ ನಿಲ್ಲಿಸುತ್ತಿದ್ದಳು. ಒಂದು ಸಾಲು ಮುಗಿಯುವಷ್ಟರಲ್ಲಿ ಕಾಲು ಮತ್ತೆ ಹೊಲಿಯುತ್ತಿತ್ತು.

ಹಿಂದಿನಿಂದ ಒಂದು ಸದ್ದು ಬಂದಿತು. ಅವ್ವ ನಗುತ್ತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಭುಜ ಅಲುಗಾಡಿಸುತ್ತ ನಕ್ಕಳು. ಆ ಸೀಜನ್ನಿನಲ್ಲಿ ನಾನು ಕೇಳಿದ ಒಂದೇ ನಗು ಅದು. ನನಗೆ ನಗು ಬರಲಿಲ್ಲ, ಅಕ್ಕನಿಗೂ ಬರಲಿಲ್ಲ. ಕೋಣೆಯಲ್ಲಿ ಯಾರೋ ನಗುತ್ತಿದ್ದಾರೆಂಬುದನ್ನು ಇಬ್ಬರೂ ಕೇಳಿಸಿಕೊಂಡೆವು, ಅಷ್ಟೆ.

ಅವ್ವ ಎದ್ದು ಬಂದು ಕೆಳಗೆ ಕುಳಿತಳು. ಅಕ್ಕನ ಬಲಗಾಲಿನ ಗಿಣ್ಣು ಹಿಡಿದು ಪೆಡಲಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಎಡಗಾಲು ತೆಗೆದು ಅಲ್ಲಿಟ್ಟಳು.

"ಇದಕ್ಕ ಹೊಲಿಗಿ ಗೊತ್ತಿಲ್ಲ," ಎಂದಳು. "ಹೊಲಿಯುವಾಗ ನೀ ಎಡಗಾಲ ಹಿಂದಕ್ಕ ಎಳಕೊಂಡ ಕುಂಡ್ರಾಕಿ. ಇದಕ್ಕ ಹೊಸಾದಾಗಿ ಕಲಸು."

"ಎಡಗಾಲ ಬೇ," ಎಂದಳು ಅಕ್ಕ.

"ಕಾಣತೈತಿ ನನಗ. ತುಳಿ."

ಬಾಗಿಲು ದಾಟುವಾಗ ಬಲಗಾಲು ಮೊದಲೆಂದು ಹಟ ಹಿಡಿಯುವವಳು, ಅಕ್ಷರಕ್ಕೆ ಕಾಲು ತಾಕಿದರೆ ಮೈ ಜುಮ್ಮೆನ್ನುವವಳು, ಅಲ್ಲೇ ನೆಲದ ಮೇಲೆ ಕುಳಿತು ಮಗಳ ಎಡಗಾಲನ್ನು ಅಂಗೈಯಿಂದ ಒತ್ತಿ ಒತ್ತಿ ತೋರಿಸಿದಳು. ಅಕ್ಕ ಮೇಲೆ ಹೊಡೆಯುವ ಮುನ್ನ ಬಾಯಿಬಿಟ್ಟು ಹೇಳುವಳು, "ಈಗ". ಅವ್ವ ಪಾದ ಒತ್ತುವಳು. "ಬಿಡು", ಅವ್ವ ಕೈ ತೆಗೆಯುವಳು. ಓದು ಬಾರದ ಅವ್ವನಿಗೆ ಯಾವ ಅಕ್ಷರ ಮೂಡುತ್ತಿದೆಯೆಂದು ಗೊತ್ತಿರಲಿಲ್ಲ. ಅಕ್ಕನ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ.

ಪೆಡಲಿನ ಸದ್ದು ದಿನವಿಡೀ ಕೇಳುವಂತಾಯಿತು. ಹೊರಗಿನಿಂದ ಕೇಳಿದವರಿಗೆ ಎರಡು ಯಂತ್ರ ಓಡುತ್ತಿವೆ, ಅದರಲ್ಲೊಂದು ಮುಗ್ಗರಿಸುತ್ತಿದೆ ಎನಿಸಬಹುದಿತ್ತು. ಮೊದಲ ದಿನಗಳಲ್ಲಿ ಕಾಲು ತಡವಾಗಿ 'ಅಪಘಾತ' ಎಂಬುದು 'ಅಪಗತ' ಆಗುತ್ತಿತ್ತು. ಆಮೇಲೆ ಕಾಲು ಅವಸರಪಟ್ಟು ಇನ್ನೇನೋ ಆಗುತ್ತಿತ್ತು. ಆಮೇಲೊಂದು ದಿನ ಸರಿಯಾಗತೊಡಗಿತು. ಯಾವ ದಿನವೆಂದು ನಾವು ಯಾರೂ ಗಮನಿಸಲಿಲ್ಲ.

ಸಂಗಪ್ಪ ಮತ್ತೆ ಬಂದದ್ದು ಸೀಜನ್ನಿನ ಕೊನೆಗೆ. ಅಕ್ಕ ಟೈಪು ಮಾಡುತ್ತಲೇ ಇದ್ದಳು. ಅವನು ಒಂದಿಷ್ಟು ಹೊತ್ತು ಅವಳ ಎಡಗಾಲನ್ನೇ ನೋಡಿದ. "ಅಬಾಬಾ, ಶಾಣ್ಯಾಕಿ ಬಿಡು," ಎಂದ. ನಿಜವಾಗಿಯೂ ಮೆಚ್ಚಿಕೊಂಡೇ ಅಂದ. ಆಮೇಲೆ, "ಕಮಲವ್ವಾ, ನಾಡಿದ್ದು ಲೆಕ್ಕ ಮುಗಸಾಕತ್ತೀವಿ. ಮಾಲಕರು ಕಾಗದ ಕೇಳಾಕತ್ತಾರ," ಎಂದ.

"ಸಹಿ ಮಾಡಾಕ ಬರಂಗಿಲ್ಲ ಅಣ್ಣಾರ. ಬಲಗೈ ಹಿಂಗ ಐತಿ."

ಅವನು ಮುಂಚೆಯೇ ಯೋಚಿಸಿಕೊಂಡು ಬಂದಿದ್ದ. ಜೇಬಿನಿಂದ ಶಾಯಿಯ ಪುಟ್ಟ ಡಬ್ಬಿ ತೆಗೆದು ಹಲಗೆಯ ಮೇಲೆ, ಕೀಬೋರ್ಡಿನ ಪಕ್ಕದಲ್ಲಿಟ್ಟ. "ಹೆಬ್ಬಟ್ಟು ನಡೀತೈತಿ," ಎಂದ.

ಅವ್ವನ ಯಂತ್ರ ನಿಂತಿತು.

ಅಕ್ಕ ಡಬ್ಬಿಯನ್ನೂ ತನ್ನ ಬಲಗೈಯನ್ನೂ ನೋಡಿದಳು. ಅವಳ ದನಿ ಏರಲಿಲ್ಲ. "ಅದೊಂದು ಉಳದೈತಿ ಅಂತ ಅದನ್ನ ಕೇಳಾಕ ಬಂದೀರೇನ್ರಿ?"

ಸಂಗಪ್ಪನ ಮುಖ ಕೆಂಪಾಯಿತು. "ನಾ ಕೂಲಿ ಮನಿಶ್ಯಾ ಬೇ. ನನಗೂ ಮನಿ ಐತಿ."

"ಐತಿ ಅಂತ ಗೊತ್ತು. ಟವೆಲ್ ಸುತ್ತಿ ನನ್ನ ಒಯ್ದವ್ರು ನೀವು, ಅದೂ ಗೊತ್ತು. ಆದ್ರ ಕರದವ್ರೂ ನೀವ." ಅಕ್ಕ ದೇವರ ಗೂಡಿನತ್ತ ತೋರಿಸಿದಳು. "ಶೈಲಾ, ಆ ಕಾಗದ ಅಣ್ಣಾರಿಗೆ ಕೊಟ್ಟಬಿಡು. ಕುರ್ಚಿ ಯಾರಿಗಾದ್ರೂ ಕೊಡ್ರಿ. ದಪ್ಪ ಕೈಯಾಕೀನ ನೋಡಿ ಕುಂಡ್ರಸ್ರಿ."

ಯುಗಾದಿಯ ಮರುವಾರ ನಾವು ಹೊಲಿಗೆ ಯಂತ್ರದ ಸ್ಟ್ಯಾಂಡನ್ನು ಕೀಬೋರ್ಡ್ ಸಮೇತ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹೇರಿಕೊಂಡು ಕೋರ್ಟಿನ ಎದುರು ಇಳಿಸಿದೆವು. ಸುನಂದಾ ಅಂಗಡಿಯಿಂದ ಹೊರಗೆ ಬಂದು ನೋಡಿದಳು. "ಏನ ತಂಗಿ, ವಕೀಲರ ಕೋಟ್ ಹೊಲಿಯವ್ರೇನು?" ಎಂದಳು. ಅಲ್ಲಿದ್ದ ಅರ್ಜಿಯವರೆಲ್ಲ ನಕ್ಕರು. ಅಕ್ಕ ಅಂಗಡಿಯ ಕಂಪ್ಯೂಟರಿಗೆ ವೈರು ಜೋಡಿಸಿ ಕುಳಿತಳು. ಸುನಂದಾ ಕೊಟ್ಟದ್ದು ಯಾರದೋ ಜಮೀನಿನ ಬದುವಿನ ತಂಟೆಯ ದಾವೆ. ಓದಲು ಬೇಸರ ಬರುವಂಥದು. ಅಂಗಡಿಯಲ್ಲಿ ಕೀಲಿಗಳ ಸದ್ದು, ಅದರ ಕೆಳಗೆ ಕಬ್ಬಿಣದ ಮೆದು ಸದ್ದು. ಪುಟ ಮುಗಿದಾಗ ಸುನಂದಾ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ಓದಿದಳು. ಒಂದೇ ಒಂದು ಒತ್ತು ತಪ್ಪಿತ್ತು. "ನಮ್ಮ ಹುಡುಗಿ ಎರಡ್ ಕೈಲೆ ಇದಕ್ಕಿಂತ ಹೆಚ್ಚ ತಪ್ಪತಾಳ," ಎಂದಳು. "ಆ ಕುರ್ಚಿ ಈ ಕಡೆ ಸರಸ್ಕೋ. ಫ್ಯಾನ್ ಗಾಳಿ ಬರತೈತಿ."

ಅಕ್ಕ ಆ ಸಂಜೆ, ಅಂಗಡಿ ಮುಚ್ಚುವ ಮುನ್ನ, ತನ್ನ ಅರ್ಜಿಯನ್ನು ತಾನೇ ಹೊಡೆದಳು. ನಾನು ಬರೆದ ಉರಿಯುವ ವಾಕ್ಯಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಕವಚ ಗೋಡೆಗೆ ಆನಿಸಿತ್ತು, ಕರೆದದ್ದಕ್ಕೆ ಹೋದೆ, ಸ್ವಿಚ್ಚು ಆಚೆ ಬದಿಯಲ್ಲಿತ್ತು. ಕರೆದವರ ಹೆಸರನ್ನು ಅವಳು ಬರೆಯಲಿಲ್ಲ. 'ಮೇಲಿನವರು' ಎಂದಷ್ಟೇ ಹೊಡೆದಳು. ನಾನು ಜಗಳವಾಡಿದೆ. "ಅವನ ಅಂಗಿ ನೀನೂ ನೋಡೀದಿ," ಎಂದಳು. ಅರ್ಜಿ ಹಾಗೆಯೇ ಹೋಯಿತು. ಅದಕ್ಕೆ ಉತ್ತರವಾಗಿ, ಹೆಚ್ಚುಕಮ್ಮಿ ಎರಡು ವರ್ಷದ ಮೇಲೆ ಬಂದದ್ದು ನನ್ನ ಚೀಲದಲ್ಲಿದ್ದ ಹಿಂಬರಹ.

ಗೇಟು ದಾಟಿ ಒಳಗೆ ಹೋದೆ. ಸಂಗಪ್ಪ ತುಸು ಸೊರಗಿದ್ದ. "ಬರ್ರಿ ಬಾಯಾರ, ಚಾ ತಗೋರಿ," ಎಂದ. ಕವಚ ತೋರಿಸಿರೆಂದೆ. ಅವನು ಅನುಮಾನಿಸಲಿಲ್ಲ, ಕರೆದುಕೊಂಡು ಹೋದ.

ಕವಚವಿತ್ತು. ಹೊಸ ಹಳದಿ ಬಣ್ಣ. ಮೂಲೆಯಲ್ಲಿ ಕುಂಕುಮ. ನಾಲ್ಕು ಬೋಲ್ಟಿನ ತೂತುಗಳೂ ಖಾಲಿ. ಒಂದು ತೂತಿನಲ್ಲಿ ಪೆಟ್ಟಿಗೆ ಕಟ್ಟುವ ತಂತಿ ತೂರಿಸಿ ತಿರುವಿತ್ತು.

"ಬೋಲ್ಟ್ ಎಲ್ಲಿ?"

"ಸೀಜನ್ ಐತಲ್ರಿ," ಎಂದ ಸಂಗಪ್ಪ. "ತಂತಿ ಆದ್ರ ಒಂದ್ ತಿರುವಿಗೆ ಬಿಚ್ಚಿ ಬರತೈತಿ. ಸಾಹೇಬರೂ ನೋಡಿ ಹೋಗ್ಯಾರ. ಕವಚ ಐತಿಲ್ಲೋ? ಐತಿ ಅಂತ ಬರಕೊಂಡ್ರು."

ನಾವು ಮಾತಾಡುತ್ತಿರುವಾಗಲೇ ಯಂತ್ರ ಕೆಮ್ಮಿ ನಿಂತಿತು. ಕೆಲಸದ ಹೆಣ್ಣುಮಗಳೊಬ್ಬಳು ಬಂದು, ನೋಡದೆಯೇ, ರೂಢಿಯ ಕೈಯಿಂದ ತಂತಿ ತಿರುವಿ ಬಿಚ್ಚಿದಳು. ಕವಚವನ್ನು ಎತ್ತಿ ಗೋಡೆಗೆ ಆನಿಸಿದಳು. ಗೋಡೆಯ ಸುಣ್ಣದ ಮೇಲೆ ಆ ಕವಚದ ಅಳತೆಯದೇ ಒಂದು ಕಲೆಯಿತ್ತು. ತಗಡಿನ ಅಂಚು ವರ್ಷವರ್ಷ ಉಜ್ಜಿ ಮಾಡಿದ ಗುರುತು. ಕವಚ ಆ ಗುರುತಿನೊಳಗೆ ಸರಿಯಾಗಿ ಕೂತಿತು. ಅವಳು ಕೈ ಒಳಗೆ ಹಾಕಿದಳು. ನಾನು ಗೋಡೆಯ ಆಚೆಗೆ ಓಡಿಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. ಅವಳು ಕೈ ಹೊರಗೆ ತೆಗೆದಳೆಂದು ಸಂಗಪ್ಪ ಕೂಗಿ ಹೇಳುವವರೆಗೆ ಅಲ್ಲಿಯೇ ನಿಂತಿದ್ದೆ. ನನ್ನೊಳಗೆ ಸಿಟ್ಟು ಬರಲಿಲ್ಲ. ಬರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ತಂತಿ, ಗೋಡೆಯ ಗುರುತು, ಆ ಹೆಣ್ಣುಮಗಳ ಕೈ, ಎಲ್ಲವನ್ನೂ ಕೇಳಿಸಿಕೊಂಡಳು. ಆ ಕಡೆಯಿಂದ ಅಂಗಡಿಯ ಸದ್ದು ಬರುತ್ತಿತ್ತು.

"ಫೋಟೋ ತಗದೀಯೇನು?"

"ತಗದೀನಿ. ತಂತೀದು."

"ಗೋಡಿದೂ ತಗದ ಬಾ."

ಮತ್ತೆ ಒಳಗೆ ಹೋಗಿ ಗೋಡೆಯ ಫೋಟೋ ತೆಗೆದೆ. ಸಂಗಪ್ಪ ಗೇಟಿನವರೆಗೆ ಬಂದ.

ಕೋರ್ಟಿನ ಎದುರಿನ ಅಂಗಡಿ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಅಕ್ಕ ಹೊಸ ಪುಟ ತೆರೆದು ಕಾಯುತ್ತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ನಾನು ಹೇಳತೊಡಗಿದೆ: ಬಡವರ ಬೆರಳುಗಳ ಮೇಲೆ ಕಟ್ಟಿದ ಈ ವ್ಯವಸ್ಥೆಯ ನಿರ್ಲಜ್ಜ...

"ಅದು ಬ್ಯಾಡ," ಎಂದಳು ಅಕ್ಕ. "ಹೆಸರ ಹೇಳು. ಹೊಡೀತೀನಿ."

ನಾನು ಅವಳ ಮುಖ ನೋಡಿದೆ. "ಸಂಗಪ್ಪಂದು?"

"ಮೂರೂ. ಮಾಲಕರದು ಮೊದಲು. ಆಮ್ಯಾಲೆ ಸಂಗಪ್ಪಂದು. ಕವಚ ಐತಿ ಅಂತ ಬರಕೊಂಡು ಹೋದ ಸಾಹೇಬರದು ಹಿಂಬರಹದ ಕೆಳಗ ಐತಲ್ಲ, ಅದೂ ಬೇಕು."

ಹೆಸರುಗಳನ್ನು ಒಂದೊಂದಾಗಿ, ನಿಧಾನವಾಗಿ ಹೇಳಿದೆ. ಮಾಲಕರ ಹೆಸರು ಉದ್ದವಿತ್ತು, ಅದರ ತುಂಬ ದೀರ್ಘಗಳಿದ್ದವು; ಪೆಡಲ್ ಮತ್ತೆ ಮತ್ತೆ ಸದ್ದು ಮಾಡಿತು. ಎರಡನೆಯ ಹೆಸರಿಗೆ ಬಂದಾಗ ಅಕ್ಕನ ಎಡಗೈ ಮೊದಲ ಅಕ್ಷರ ಹೊಡೆದು ನಿಂತಿತು. ಪರದೆಯ ಮೇಲೆ 'ಸ' ಒಂದೇ ಇತ್ತು. ಅನುಸ್ವಾರಕ್ಕೆ ಶಿಫ್ಟ್ ಬೇಕು. ಅವಳು ಮಡಿಲಲ್ಲಿದ್ದ ಬಲಗೈಯನ್ನು ಒಮ್ಮೆ ನೋಡಿದಳು. ಆಮೇಲೆ ಎಡಗಾಲು ಒತ್ತಿದಳು.